ಬೋರ್ನಿಯೊ ನದಿಯಲ್ಲಿ ಎರಡು ರಾತ್ರಿ ದೋಣಿಯಲ್ಲೇ ವಾಸ. ಗೈಡ್ ಬೇಕೇ ಬೇಕಾ?

ಸಂಧ್ಯಾತೀರ

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಇಂಡೊನೇಷ್ಯಾಕ್ಕೆ ಹೊರಟಿದ್ದೇವೆ. ನಾನು, ನನ್ನವರು, ಹತ್ತು ವರ್ಷದ ಮಗಳು, 67 ವರ್ಷದ ಅತ್ತೆ. ಮಗಳಿಗೆ ಒರಾಂಗುಟಾನ್ (ಕೆಂಪು ಕೂದಲಿನ ದೊಡ್ಡ ವಾನರ) ಅಂದರೆ ಪ್ರಾಣ. ಅದಕ್ಕೇ ಬೋರ್ನಿಯೊ ದ್ವೀಪದ ತಂಜುಂಗ್ ಪುಟಿಂಗ್ ರಾಷ್ಟ್ರೀಯ ಉದ್ಯಾನಕ್ಕೆ ಮೂರು ಹಗಲು, ಎರಡು ರಾತ್ರಿಯ ದೋಣಿ ಪ್ರವಾಸ ಅಂತ ಯೋಚಿಸಿದ್ದೇವೆ. ಕುಮಾಯಿ ಅನ್ನುವ ಊರಲ್ಲಿ ಹತ್ತಿದರೆ ಊಟ, ನಿದ್ದೆ, ಸ್ನಾನ ಎಲ್ಲ ಆ ಮರದ ದೋಣಿಯಲ್ಲೇ. ಕ್ಲೋಟೊಕ್ ಅಂತಾರಂತೆ.

ಇಬ್ಬರನ್ನು ವಿಚಾರಿಸಿದೆ. ಒಬ್ಬರು ದೋಣಿ, ಅಡುಗೆಯವರು, ಗೈಡ್ ಎಲ್ಲ ಸೇರಿಸಿ ಒಂದೇ ದರ ಹೇಳಿದರು. ಇನ್ನೊಬ್ಬರು "ಗೈಡ್ ಬೇಕಿದ್ದರೆ ಹಾಕೋಣ, ಇಲ್ಲದಿದ್ದರೂ ನಡೆಯುತ್ತೆ, ಕ್ಯಾಪ್ಟನ್‌ಗೆ ದಾರಿ ಗೊತ್ತು" ಅಂದು ಕಡಿಮೆ ಹೇಳಿದರು. ನನ್ನವರು ಎರಡನೆಯದಕ್ಕೆ ಒಲಿದಿದ್ದಾರೆ.

ನನಗೆ ಮಾತ್ರ ಒಂದು ಭಯ ಇದೆ. ಎರಡು ವರ್ಷದ ಹಿಂದೆ ಬೇರೊಂದು ದೇಶದಲ್ಲಿ ಹೀಗೇ ರಾತ್ರಿ ದೋಣಿಯಲ್ಲಿ ಉಳಿದಿದ್ದೆವು. ಬುಕ್ ಮಾಡುವಾಗ ಮಾತಾಡಿದ ಗೈಡ್ ಒಬ್ಬರು, ಬಂದವರು ಇನ್ನೊಬ್ಬರು. ನಡುರಾತ್ರಿ ಅತ್ತೆಗೆ ತಲೆಸುತ್ತು, ವಾಂತಿ. ಏನಾಗಿದೆ ಅಂತ ಹೇಳಿದರೆ ಆ ಹುಡುಗನಿಗೆ ಒಂದು ಪದವೂ ತಿಳಿಯಲಿಲ್ಲ. ಬೆಳಗಾಗುವ ತನಕ ಅತ್ತೆಯ ಕೈ ಹಿಡಿದು ಕೂತಿದ್ದೆ. ಮತ್ತೆ ಹಾಗಾಗಬಾರದು. ಹೋಗಿ ಬಂದವರು ದಯವಿಟ್ಟು ಹೇಳಿ.

ನೀಲಿಬ್ಯಾಗ್

ಗೈಡ್ ಇಲ್ಲದೆ ಹೋಗಬೇಡಿ ಮೇಡಂ. ವಯಸ್ಸಾದವರು, ಮಗು ಇಬ್ಬರೂ ಇದ್ದಾರೆ. ಯೋಚನೆಯೇ ಬೇಡ.

ಕಾಡುಹಾದಿ

ನಾನು ಎರಡು ಸಲ ಹೋಗಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಪಂಕಲಾನ್ ಬುನ್ ವಿಮಾನ ನಿಲ್ದಾಣದಿಂದ ಕುಮಾಯಿಗೆ ಅರ್ಧ ಗಂಟೆ ಕೂಡ ಬೇಕಾಗಲ್ಲ. ಊರೊಳಗೆ ಕಿಟಕಿಯೇ ಇಲ್ಲದ ಎತ್ತರದ ಕಾಂಕ್ರೀಟ್ ಕಟ್ಟಡಗಳು ಕಾಣುತ್ತವೆ. ಒಳಗಿಂದ ಹಕ್ಕಿಗಳ ಚಿಲಿಪಿಲಿ ಜೋರಾಗಿ ಕೇಳುತ್ತಿರುತ್ತೆ. ಅದು ಸ್ಪೀಕರ್‌ನ ಸದ್ದು. ಒಂದು ಜಾತಿಯ ಹಕ್ಕಿಯನ್ನು ಒಳಗೆ ಗೂಡು ಕಟ್ಟಲು ಕರೆಯುತ್ತಾರೆ, ಆ ಗೂಡನ್ನೇ ತಿನ್ನೋಕೆ ಮಾರುತ್ತಾರೆ. ಇದನ್ನೆಲ್ಲ ನನಗೆ ಹೇಳಿದ್ದು ಗೈಡೇ.

ಕುಮಾಯಿಯಿಂದ ಹೊರಟು ಸೆಕೊನ್ಯೆರ್ ನದಿಯ ಬಾಯಿಗೆ ನುಗ್ಗಿದರೆ ಎರಡೂ ದಡದಲ್ಲಿ ನಿಪಾ ತಾಳೆ. ಮೇಲಕ್ಕೆ ಹೋದಂತೆ ದೊಡ್ಡ ಮರಗಳು ಶುರು. ಸಂಜೆ ಉದ್ದಮೂಗಿನ ಮಂಗಗಳು ಗುಂಪಾಗಿ ನದಿ ಪಕ್ಕದ ಮರಕ್ಕೆ ಮಲಗಲು ಬರುತ್ತವೆ. ಅಲ್ಲಿಯವರು ಬೆಕಾಂತಾನ್ ಅಂತಾರೆ. ಇವನ್ನು ನೋಡಲು ಗೈಡ್ ಬೇಕಿಲ್ಲ, ಎಲ್ಲರಿಗೂ ಕಾಣುತ್ತವೆ.

ಆದರೆ ನಮ್ಮ ಗೈಡ್ ಇಂಜಿನ್ ನಿಲ್ಲಿಸಲು ಹೇಳಿ ಮರದ ತುದಿ ತೋರಿಸಿದರು. ಕೊಂಬೆಯ ಕವಲಲ್ಲಿ ಎಲೆಗಳ ಒಂದು ಕಟ್ಟು. ಅದು ಒರಾಂಗುಟಾನ್ ಮಲಗುವ ಗೂಡು. ಸಂಜೆಯಾದರೆ ಹೊಸದು ಕಟ್ಟಿಕೊಳ್ಳುತ್ತೆ. "ಎಲೆ ಕಂದು ಆಗಿದ್ದರೆ ಹಳೆಯದು. ಇದು ನೋಡಿ ಹಸಿರು. ನಿನ್ನೆ ರಾತ್ರಿ ಇಲ್ಲೇ ಮಲಗಿದೆ, ಇನ್ನೂ ದೂರ ಹೋಗಿರಲ್ಲ" ಅಂದರು. ಇಪ್ಪತ್ತು ನಿಮಿಷ ಸುಮ್ಮನೆ ಕೂತೆವು. ಒಂದು ತಾಯಿ, ಬೆನ್ನಿಗಂಟಿದ ಮರಿ, ನಮ್ಮ ತಲೆ ಮೇಲಿನ ಕೊಂಬೆಯಲ್ಲೇ ದಾಟಿದವು. ಆ ಹೊತ್ತಲ್ಲಿ ಬೇರೆ ಮೂರು ದೋಣಿ ನಮ್ಮನ್ನು ದಾಟಿ ಮುಂದೆ ಹೋಗಿದ್ದವು.

ಒಂಟಿಪಯಣ

ಎಲ್ಲರೂ ಗೈಡ್ ಗೈಡ್ ಅನ್ನುತ್ತಿದ್ದೀರಿ. ನನ್ನ ಅನುಭವ ಬೇರೆ. ನಾನು ಹೋಗಿದ್ದೇ ಮೌನ ಹುಡುಕಿಕೊಂಡು. ಜೊತೆ ಬಂದ ಗೈಡ್ ಬೆಳಗ್ಗೆ ಆರರಿಂದ ರಾತ್ರಿ ಹತ್ತರ ತನಕ ಮಾತು. ಪ್ರತಿ ಮರಕ್ಕೂ ಒಂದು ಕಥೆ. ನಿಜವಾಗಿ ಕೆಲಸ ಮಾಡಿದ್ದು ಕ್ಯಾಪ್ಟನ್. ಮಂಗ ತೋರಿಸಿದ್ದೂ ಅವರೇ, ಮೊಸಳೆ ತೋರಿಸಿದ್ದೂ ಅವರೇ. ಒಂದು ಮಾತೂ ಆಡದೆ ಬೆರಳು ತೋರಿಸುತ್ತಿದ್ದರು. ಅಡುಗೆಯವರು, ಕ್ಯಾಪ್ಟನ್ ಇದ್ದರೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ದಿಕ್ಸೂಚಿ

ಅಭಿಪ್ರಾಯದ ಮಾತು ಆಮೇಲೆ. ವಿದೇಶಿಯರು ಗೈಡ್ ಜೊತೆಗೇ ಉದ್ಯಾನದೊಳಗೆ ಹೋಗಬೇಕು ಅನ್ನೋದು ಅಲ್ಲಿನ ನಿಯಮ. "ಇಲ್ಲದಿದ್ದರೂ ನಡೆಯುತ್ತೆ" ಅಂತ ಹೇಳಿದವರು ಒಂದೋ ಕೊನೇ ಗಳಿಗೆಯಲ್ಲಿ ಯಾರನ್ನೋ ಕರೆತಂದು ದುಡ್ಡು ಕೇಳುತ್ತಾರೆ, ಇಲ್ಲಾ ದೋಣಿ ಹುಡುಗನನ್ನೇ ಗೈಡ್ ಅಂತ ತೋರಿಸುತ್ತಾರೆ. ಎರಡೂ ನಿಮಗೆ ಒಳ್ಳೆಯದಲ್ಲ.

ಒಂಟಿಪಯಣ ಅವರೇ, ಮಾತು ಜಾಸ್ತಿ ಆಯಿತು ಅಂತ ಅವರಿಗೆ ಹೇಳಿದಿರಾ?

ಒಂಟಿಪಯಣ

ಹೇಳಲಿಲ್ಲ. ಬೇಜಾರಾಗುತ್ತೆ ಅನ್ನಿಸಿತು.

ದಿಕ್ಸೂಚಿ

ಹೇಳಬೇಕಿತ್ತು. ಬಹಳ ಜನ ಪ್ರವಾಸಿಗಳು ಗೈಡ್ ಸುಮ್ಮನಿದ್ದರೆ ಸೋಮಾರಿ ಅಂದುಕೊಳ್ಳುತ್ತಾರೆ. ಆ ಭಯಕ್ಕೇ ಅವರು ಮಾತಾಡುತ್ತಾರೆ. ಮೊದಲ ದಿನವೇ "ನಮಗೆ ಸುಮ್ಮನೆ ಕೂತು ನೋಡೋದು ಇಷ್ಟ, ಏನಾದರೂ ಕಂಡರೆ ಮಾತ್ರ ಹೇಳಿ" ಅಂದರೆ ಅವರಿಗೂ ಆರಾಮ.

ಗಾಳಿಪಟ23

ಮಲೇಷ್ಯಾ ಕಡೆಯ ಬೋರ್ನಿಯೊಗೆ ಹೋಗಬಹುದಲ್ವಾ? ಕಿನಬಟಾಂಗನ್ ನದಿಯಲ್ಲೂ ಇದೇ ಪ್ರಾಣಿಗಳಿವೆ. ಅಂದ ಹಾಗೆ ತಂಜುಂಗ್ ಪುಟಿಂಗ್‌ನಲ್ಲಿ ಜೇನ್ ಗುಡಾಲ್ ಕಟ್ಟಿದ ಕ್ಯಾಂಪ್ ಇದೆ, ಅದನ್ನು ತಪ್ಪಿಸಬೇಡಿ.

ಹಕ್ಕಿನೋಟ

ಗುಡಾಲ್ ಅಲ್ಲ. ಅವರು ಆಫ್ರಿಕಾದಲ್ಲಿ ಚಿಂಪಾಂಜಿಗಳ ಅಧ್ಯಯನ ಮಾಡಿದವರು. ಇಲ್ಲಿ ಒರಾಂಗುಟಾನ್ ಅಧ್ಯಯನಕ್ಕೆ ಕ್ಯಾಂಪ್ ಲೀಕಿ ಶುರು ಮಾಡಿದ್ದು ಬಿರುಟೆ ಗಾಲ್ಡಿಕಾಸ್, 1971ರಲ್ಲಿ. ಗುಡಾಲ್, ಗೊರಿಲ್ಲಾಗಳ ಡಯಾನ್ ಫಾಸಿ, ಗಾಲ್ಡಿಕಾಸ್ ಮೂವರಿಗೂ ಬೆಂಬಲ ಕೊಟ್ಟವರು ಆದಿಮಾನವರ ಪಳೆಯುಳಿಕೆ ಹುಡುಕಿದ ವಿಜ್ಞಾನಿ ಲೂಯಿಸ್ ಲೀಕಿ. ಅವರ ಹೆಸರನ್ನೇ ಕ್ಯಾಂಪಿಗೆ ಇಟ್ಟರು. 25ರ ವಯಸ್ಸಿನಲ್ಲಿ ಆ ಜೌಗು ಕಾಡಿಗೆ ಬಂದು ಕೂತ ಹೆಣ್ಣುಮಗಳು. ಅವರ ಹೆಸರು ಎಲ್ಲರಿಗೂ ಗೊತ್ತಾಗಬೇಕು ಅಂತ ನನಗೆ ತುಂಬಾ ಆಸೆ.

ಕಿನಬಟಾಂಗನ್ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅಲ್ಲಿ ಸಾಮಾನ್ಯವಾಗಿ ದಡದ ಲಾಡ್ಜ್‌ನಲ್ಲಿ ಮಲಗಿ, ಬೆಳಗ್ಗೆ ಸಂಜೆ ಸಣ್ಣ ದೋಣಿಯಲ್ಲಿ ಸುತ್ತುತ್ತಾರೆ. ದೋಣಿಯಲ್ಲೇ ರಾತ್ರಿ ಕಳೆಯೋದು ಸೆಕೊನ್ಯೆರ್‌ನ ವಿಶೇಷ.

ಗಾಳಿಪಟ23

ತಿದ್ದಿದ್ದಕ್ಕೆ ಥ್ಯಾಂಕ್ಸ್. ಇಷ್ಟು ದಿನ ತಪ್ಪಾಗಿಯೇ ತಿಳಿದಿದ್ದೆ.

ಪುಟ್ಟಿಯಮ್ಮ

ಸಂಧ್ಯಾ ಅವರೇ, ನಾನು ನಮ್ಮ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಆಗ 70. ಕೆಲವು ವಿಷಯ ಮೊದಲೇ ತಿಳಿದಿರಲಿ.

ಮಲಗೋದು ಮೇಲಿನ ಡೆಕ್‌ನಲ್ಲಿ, ನೆಲದ ಮೇಲೆ ಹಾಸಿಗೆ, ಸುತ್ತ ಸೊಳ್ಳೆಪರದೆ. ಎಲ್ಲ ಕಡೆ ತೆರೆದೇ ಇರುತ್ತೆ. ನಾವು ಹೋದ ದೋಣಿಯಲ್ಲಿ ಶೌಚಾಲಯ ಕೆಳಗಿತ್ತು, ಏಣಿ ಕಡಿದಾಗಿತ್ತು. ರಾತ್ರಿ ಎರಡು ಸಲ ಏಳುವವರಿಗೆ ಇದು ದೊಡ್ಡ ವಿಷಯ. ಮೇಲೆಯೇ ಶೌಚಾಲಯ ಇರುವ ದೋಣಿಗಳೂ ಇವೆ. ಫೋಟೋ ಕೇಳಿ ನೋಡಿಕೊಂಡೇ ಬುಕ್ ಮಾಡಿ. ಕಾಲು ಇಳಿಬಿಟ್ಟು ಕೂರಲು ಒಂದು ಒಳ್ಳೆ ಕುರ್ಚಿ ಬೇಕು ಅಂತಲೂ ಹೇಳಿ.

ದೋಣಿಯಿಂದ ಕಟ್ಟೆಗೆ ದಾಟುವಾಗ ಮೆಟ್ಟಿಲಿರಲ್ಲ. ಒಂದು ದೋಣಿಯಿಂದ ಇನ್ನೊಂದಕ್ಕೆ ಕಾಲಿಟ್ಟು ದಾಟಬೇಕಾಗುತ್ತೆ. ಮಳೆ ಬಂದರೆ ಮರದ ಕಾಲುದಾರಿ ಜಾರುತ್ತೆ. ಅಲ್ಲಿ ನಮ್ಮ ಗೈಡ್ ಅಮ್ಮನ ಮೊಣಕೈ ಹಿಡಿದು "ಪೆಲಾನ್ ಪೆಲಾನ್" ಅನ್ನುತ್ತಿದ್ದರು. ನಿಧಾನ ನಿಧಾನ ಅಂತ ಅರ್ಥ. ಆ ಕೈ ಇಲ್ಲದಿದ್ದರೆ ಅಮ್ಮ ದೋಣಿ ಬಿಟ್ಟು ಇಳಿಯುತ್ತಲೇ ಇರಲಿಲ್ಲ.

ವಾಂತಿಯ ಚಿಂತೆ ಬೇಡ. ಅದು ನದಿ, ಸಮುದ್ರದ ಅಲೆ ಇಲ್ಲ. ಕುಮಾಯಿ ಹತ್ತಿರ ನದಿ ಅಗಲ ಇರುವ ಕಡೆ ಸ್ವಲ್ಪ ಅಲುಗಾಟ, ಅಷ್ಟೇ. ರಾತ್ರಿ ದೋಣಿಯನ್ನು ದಡಕ್ಕೆ ಕಟ್ಟಿಬಿಡುತ್ತಾರೆ.

ಮೂರುಹೊತ್ತು

ಊಟದ ವಿಷಯ ಯಾರೂ ಹೇಳಲೇ ಇಲ್ಲವಲ್ಲ! ನೀವು ಸಸ್ಯಾಹಾರಿಗಳಾ? ಆಗಿದ್ದರೆ "ಮಾಂಸ ಬೇಡ" ಅಂದರೆ ಸಾಲದು. ಅಲ್ಲಿನ ಸಂಬಲ್ ಚಟ್ನಿಗೆ ತೆರಾಸಿ ಅನ್ನುವ ಹುದುಗಿಸಿದ ಸೀಗಡಿ ಪೇಸ್ಟ್ ಹಾಕುತ್ತಾರೆ. ಊಟದ ಜೊತೆ ಕೊಡುವ ಬಿಳಿ ಹಪ್ಪಳದಲ್ಲೂ ಹೆಚ್ಚಾಗಿ ಸೀಗಡಿ ಇರುತ್ತೆ. "ತೆರಾಸಿ ಬೇಡ, ಸೀಗಡಿ ಬೇಡ, ಮೀನು ಬೇಡ" ಅಂತ ಬಿಡಿಸಿ ಹೇಳಿ. ಟೆಂಪೆ (ಹುದುಗಿಸಿದ ಸೋಯಾ ಕಾಳು), ತೋಫು, ಹುರಿದ ತರಕಾರಿ, ಕಡಲೆಕಾಯಿ ಗೊಜ್ಜು ಸುರಿದ ಗಾಡೊ ಗಾಡೊ ಎಲ್ಲ ಚೆನ್ನಾಗಿ ಮಾಡುತ್ತಾರೆ. ಅಷ್ಟು ಚಿಕ್ಕ ಅಡುಗೆಮನೆಯಲ್ಲಿ ಬಗ್ಗಿ ಕೂತು ಮೂರು ಹೊತ್ತು ಬಿಸಿ ಊಟ ಕೊಡುತ್ತಾರಲ್ಲ, ಆ ಅಡುಗೆಯವರಿಗೆ ನಾನು ಕೈ ಮುಗಿದು ಬಂದೆ.

ನೀಲಿಬ್ಯಾಗ್

ಸಂಬಲ್ ವಿಷಯ ನಿಜ. ನಾನು ಎರಡು ದಿನ ತಿಂದ ಮೇಲೆ ತಿಳಿಯಿತು. ಬಹಳ ನೋವಾಯಿತು. ಅವರ ತಪ್ಪಲ್ಲ, ನಾನು ಕೇಳಿರಲಿಲ್ಲ.

ಹಸಿರೆಲೆ

ಎಲ್ಲರೂ ಸಂತೋಷವಾಗಿ ಬರೆಯುತ್ತಿದ್ದೀರಿ, ನನ್ನ ಪ್ರಶ್ನೆ ಬೇರೆ. ಉದ್ಯಾನದಲ್ಲಿ ಒರಾಂಗುಟಾನ್‌ಗಳಿಗೆ ಅಂತ ಹಲಗೆ ಮೇಲೆ ಬಾಳೆಹಣ್ಣು ಸುರಿದು, ಸುತ್ತ ಐವತ್ತು ಜನ ಕೂತು ಫೋಟೋ ಹೊಡೆಯೋದು ಕಾಡು ನೋಡಿದ ಹಾಗಾ? ಅದು ಮೃಗಾಲಯವೇ ಅಲ್ವಾ? ಇದಕ್ಕೆ ಮಗುವನ್ನು ಕರೆದುಕೊಂಡು ಹೋಗಬೇಕಾ?

ಹಕ್ಕಿನೋಟ

ಕೇಳಬೇಕಾದ ಪ್ರಶ್ನೆಯೇ. ನನಗೂ ಐವತ್ತು ಜನ ಕೂರೋದು ಹಿತವಲ್ಲ. ಆದರೆ ಹಣ್ಣು ಹಾಕುವ ಪದ್ಧತಿ ಪ್ರವಾಸಿಗಳಿಗಾಗಿ ಹುಟ್ಟಿದ್ದಲ್ಲ. ಮನೆಯಲ್ಲಿ ಸಾಕಲು ಅಂತ ಹಿಡಿದು ಮಾರಿದ ಮರಿಗಳನ್ನು ಬಿಡಿಸಿ ತಂದು ಮತ್ತೆ ಕಾಡಿಗೆ ಬಿಟ್ಟರು. ಬಿಟ್ಟ ಮೇಲೆ ಪೂರ್ತಿ ಸ್ವಂತ ಕಾಲ ಮೇಲೆ ನಿಲ್ಲುವ ತನಕ ಆಸರೆ ಬೇಕಿತ್ತು. ಒರಾಂಗುಟಾನ್ ಮರಿ ಏಳೆಂಟು ವರ್ಷ ತಾಯಿ ಜೊತೆಗೇ ಇದ್ದು ಕಲಿಯುತ್ತೆ. ಯಾವ ಹಣ್ಣು ಎಲ್ಲಿ, ಯಾವ ತಿಂಗಳು, ಯಾವ ತೊಗಟೆ ತಿನ್ನಬಹುದು, ಎಲ್ಲ ತಾಯಿಯಿಂದಲೇ. ತಾಯಿಯನ್ನು ಕೊಂದು ತಂದ ಮರಿಗೆ ಇದನ್ನು ಯಾರು ಕಲಿಸಬೇಕು?

ಯಾವುದನ್ನೂ ಕಟ್ಟಿ ಹಾಕಿಲ್ಲ. ಕಾಡಲ್ಲಿ ಹಣ್ಣು ಜಾಸ್ತಿ ಇದ್ದಾಗ ಅವು ಹಲಗೆ ಕಡೆ ತಲೆ ಹಾಕಲ್ಲ. ಪ್ರವಾಸಿಗಳು ಬೇಸರದಿಂದ ವಾಪಸ್ ಹೋಗುತ್ತಾರೆ. ನನಗೆ ಅದು ಒಳ್ಳೆಯ ಸುದ್ದಿ.

ನಾವು ಮಾಡಬೇಕಾದ್ದು ಇಷ್ಟೇ. ದೂರ ಇರಬೇಕು, ಮುಟ್ಟಬಾರದು, ತಿನ್ನಲು ಕೊಡಬಾರದು. ನೆಗಡಿ ಇದ್ದರೆ ದೋಣಿಯಲ್ಲೇ ಉಳಿಯಬೇಕು. ನಮ್ಮ ನೆಗಡಿ ಅವಕ್ಕೂ ತಗಲುತ್ತೆ. ಬೋರ್ನಿಯೊ ಒರಾಂಗುಟಾನ್ 2016ರಿಂದ ಐಯುಸಿಎನ್ (ಜೀವಿಗಳ ಸಂರಕ್ಷಣೆಯ ಅಂತಾರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ತೀವ್ರವಾಗಿ ಅಳಿವಿನ ಅಂಚಿನಲ್ಲಿರುವ ಜೀವಿ. ಒಂದು ತಾಯಿ ಒಂದು ಮರಿಯಿಂದ ಇನ್ನೊಂದಕ್ಕೆ ಅಷ್ಟು ವರ್ಷ ಬಿಡುತ್ತೆ ಅಂದರೆ, ಒಂದು ಸತ್ತರೂ ಎಷ್ಟು ನಷ್ಟ ಅಂತ ಯೋಚಿಸಿ.

ಹಸಿರೆಲೆ

ಮರಿಗಳ ವಿಷಯ ಗೊತ್ತಿರಲಿಲ್ಲ. ಆದರೂ ಜನರ ಸಂಖ್ಯೆಗೆ ಮಿತಿ ಬೇಕು ಅನ್ನೋ ನನ್ನ ಮಾತು ಬಿಡಲ್ಲ.

ಹಕ್ಕಿನೋಟ

ಅದರಲ್ಲಿ ನಾನೂ ನಿಮ್ಮ ಜೊತೆ.

ಕಾಡುಹಾದಿ

ನದಿ ದಾರಿಯ ಮೂರು ಕ್ಯಾಂಪುಗಳಲ್ಲಿ ಹಣ್ಣು ಹಾಕುವ ಹೊತ್ತು ಹೇಳಿಬಿಡುತ್ತೇನೆ. ನಾನು ಹೋದಾಗ ತಂಜುಂಗ್ ಹರಾಪನ್‌ನಲ್ಲಿ ಮಧ್ಯಾಹ್ನ ಮೂರು, ಪೊಂಡೊಕ್ ತಂಗುಯಿಯಲ್ಲಿ ಬೆಳಗ್ಗೆ ಒಂಬತ್ತು, ಕ್ಯಾಂಪ್ ಲೀಕಿಯಲ್ಲಿ ಮಧ್ಯಾಹ್ನ ಎರಡು. ಮೂರು ದಿನದ ಪ್ರವಾಸವನ್ನು ಈ ಹೊತ್ತಿಗೆ ತಕ್ಕ ಹಾಗೇ ಜೋಡಿಸಿರುತ್ತಾರೆ. ಒಂದೇ ರಾತ್ರಿಯ ಪ್ರವಾಸದಲ್ಲಿ ಕ್ಯಾಂಪ್ ಲೀಕಿ ತನಕ ಓಡೋದೇ ಆಗುತ್ತೆ. ಎರಡು ರಾತ್ರಿ ಸರಿಯಾದ ಆಯ್ಕೆ.

ಕ್ಯಾಂಪ್ ಲೀಕಿಯ ಕಡೆ ತಿರುಗುವ ಉಪನದಿಯ ನೀರು ನೋಡಿ. ಹಾಲು ಹಾಕದ ಚಹಾದ ಬಣ್ಣ. ಕೊಳೆತ ಎಲೆ, ಬೇರು ತುಂಬಿದ ನೆಲದಿಂದ ಇಳಿದು ಬರುವ ನೀರು. ಗಾಳಿ ಇಲ್ಲದಾಗ ಕನ್ನಡಿಯ ಹಾಗೆ ಇಡೀ ಕಾಡು ಅದರಲ್ಲಿ ಕಾಣುತ್ತೆ. ಮುಖ್ಯ ನದಿ ಮಾತ್ರ ಕೆಸರು ಬಣ್ಣ. ಮೇಲ್ಗಡೆಯ ಗಣಿಗಾರಿಕೆಯಿಂದ ಹಾಗಾಗಿದೆ. ಎರಡೂ ನೀರು ಸೇರುವ ಜಾಗದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತೆ. ಅದನ್ನು ನೋಡಿ ನನಗೆ ಹೊಟ್ಟೆ ಉರಿಯಿತು.

ಒಂಟಿಪಯಣ

ಆ ಗೆರೆ ನಾನೂ ನೋಡಿದೆ. ಏನು ಅಂತ ಇವತ್ತು ತಿಳಿಯಿತು. ನಮ್ಮ ಗೈಡ್ ಹೇಳಿದ್ದರೋ ಏನೋ, ನಾನು ಆಗ ಕಿವಿಗೆ ಹಾಡು ಹಾಕಿಕೊಂಡಿದ್ದೆ. ಅವರ ಮೇಲೆ ತಪ್ಪು ಹೊರಿಸಿದ್ದು ಪೂರ್ತಿ ಸರಿಯಲ್ಲ ಅನ್ನಿಸುತ್ತಿದೆ.

ಗಾಳಿಪಟ23

ಜುಲೈ ಒಳ್ಳೆ ಕಾಲವಾ? ಕಾಡಿನ ಬೆಂಕಿಯ ಹೊಗೆ ಇರುತ್ತೆ ಅಂತ ಕೇಳಿದ್ದೆ.

ದಿಕ್ಸೂಚಿ

ಜುಲೈ ಒಣಗಾಲ. ಮಳೆ ಕಡಿಮೆ, ಓಡಾಡಲು ಸುಲಭ. ಹೊಗೆಯ ಕಾಟ ಸಾಮಾನ್ಯವಾಗಿ ಒಣಗಾಲದ ಕೊನೆಗೆ, ಆಗಸ್ಟ್‌ನಿಂದ ಅಕ್ಟೋಬರ್ ತನಕ. 2015, 2019ರಲ್ಲಿ ತುಂಬಾ ಕೆಟ್ಟದಾಗಿತ್ತು. ಜೌಗು ನೆಲ ಒಣಗಿದರೆ ಬೆಂಕಿ ಮಣ್ಣಿನ ಒಳಗೇ ಹೊಗೆಯಾಡುತ್ತೆ, ಮಳೆ ಬರುವ ತನಕ ಆರಲ್ಲ. ಹೊರಡುವ ವಾರ ಗೈಡ್‌ಗೇ ಕೇಳಿ. ಅಲ್ಲೇ ಉಸಿರಾಡುವವರು, ಸರಿಯಾಗಿ ಹೇಳುತ್ತಾರೆ.

ಇನ್ನೊಂದು. ಲೈಫ್ ಜಾಕೆಟ್ ಮಗಳ ಅಳತೆಯದ್ದು ಇದೆಯಾ ಅಂತ ಫೋಟೋ ತರಿಸಿಕೊಳ್ಳಿ. 2025ರ ಜುಲೈನಲ್ಲಿ ವಿಯೆಟ್ನಾಂನ ಹಾ ಲಾಂಗ್ ಕೊಲ್ಲಿಯಲ್ಲಿ ದಿಢೀರ್ ಬಿರುಗಾಳಿಗೆ ಪ್ರವಾಸಿ ದೋಣಿ ಮಗುಚಿ ಮೂವತ್ತಕ್ಕೂ ಜಾಸ್ತಿ ಜನ ಸತ್ತರು. ನದಿ ಅಂತ ಸಡಿಲ ಬಿಡಬೇಡಿ. ನೀರಿಗೆ ಇಳಿಯಲೇಬೇಡಿ, ಕೈಕಾಲು ಇಳಿಬಿಡೋದೂ ಬೇಡ. ಸೆಕೊನ್ಯೆರ್‌ನಲ್ಲಿ ಮೊಸಳೆಗಳಿವೆ.

ಸಂಧ್ಯಾತೀರ

ಇಷ್ಟೊಂದು ಜನ ಬರೆದಿದ್ದೀರಿ, ಕಣ್ಣು ತುಂಬಿ ಬಂತು. ನನ್ನವರಿಗೂ ಓದಿಸಿದೆ. ಗೈಡ್ ಬೇಕು ಅಂತ ಒಪ್ಪಿದರು. ಆದರೆ ಬುಕ್ ಮಾಡಿದ ಗೈಡೇ ಬರುತ್ತಾರೆ ಅಂತ ನಂಬೋದು ಹೇಗೆ? ಕಳೆದ ಸಲ ಕೈ ಕೊಟ್ಟಿದ್ದು ಅಲ್ಲೇ.

ಪುಟ್ಟಿಯಮ್ಮ

ದೋಣಿಯ ಫೋಟೋ ಕೇಳುವ ಹಾಗೆ ಗೈಡ್ ಹೆಸರು ಕೇಳಿ. ದುಡ್ಡು ಕಳಿಸುವ ಮೊದಲು ಅವರ ಜೊತೆಗೇ ಹತ್ತು ನಿಮಿಷ ಫೋನ್‌ನಲ್ಲಿ ಮಾತಾಡಿ. ಅತ್ತೆಯ ವಿಷಯ ಹೇಳಿ. ಅವರು ತಿರುಗಿ ಪ್ರಶ್ನೆ ಕೇಳುತ್ತಾರಾ ನೋಡಿ. ಏಣಿ ಹತ್ತುತ್ತಾರಾ, ಎಷ್ಟು ದೂರ ನಡೆಯುತ್ತಾರೆ, ಯಾವ ಮಾತ್ರೆ ತಗೊಳ್ಳುತ್ತಾರೆ ಅಂತ ಕೇಳಿದರೆ ಅವರನ್ನು ಹಿಡಿದುಕೊಳ್ಳಿ. ಎಲ್ಲದಕ್ಕೂ "ತೊಂದರೆ ಇಲ್ಲ" ಅಂದರೆ ಬೇರೆಯವರನ್ನು ಹುಡುಕಿ.

ದಿಕ್ಸೂಚಿ

ಮುಂಗಡ ಸ್ವಲ್ಪ ಕೊಟ್ಟು, ಉಳಿದಿದ್ದು ಕುಮಾಯಿಯಲ್ಲಿ ಅವರನ್ನು ನೋಡಿದ ಮೇಲೆ ಇಂಡೊನೇಷ್ಯಾದ ರುಪಿಯಾದಲ್ಲಿ ಕೊಡುತ್ತೇವೆ ಅಂತ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಉದ್ಯಾನದ ಪ್ರವೇಶ ಶುಲ್ಕ ದರದಲ್ಲಿ ಸೇರಿದೆಯಾ ಅಂತಲೂ ಕೇಳಿ. ನಗದು ಪಂಕಲಾನ್ ಬುನ್‌ನಲ್ಲೇ ತೆಗೆದಿಟ್ಟುಕೊಳ್ಳಿ. ನದಿ ಮೇಲೆ ಎಟಿಎಂ ಇಲ್ಲ, ಮುಂದೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತೆ.

ಮೂರುಹೊತ್ತು

ಕೊನೇ ದಿನ ಟಿಪ್ಸ್ ಕೊಡುವಾಗ ಅಡುಗೆಯವರಿಗೆ, ದೋಣಿ ಹುಡುಗನಿಗೆ ಬೇರೆ ಬೇರೆ ಲಕೋಟೆಯಲ್ಲಿ ಕೈಗೇ ಕೊಡಿ. ಕೆಳಗಿನ ಡೆಕ್‌ನಲ್ಲಿರುವವರು ನಮ್ಮ ಕಣ್ಣಿಗೆ ಬೀಳೋದೇ ಕಡಿಮೆ.

ಸಂಧ್ಯಾತೀರ

ಹೋಗಿ ಬಂದೆವು! ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ಗೈಡ್ ವಿಷಯ. ಪುಟ್ಟಿಯಮ್ಮ ಹೇಳಿದ ಹಾಗೇ ಫೋನ್ ಮಾಡಿದ್ದೆ. ಆ ಮನುಷ್ಯ ಮೊದಲು ಕೇಳಿದ್ದೇ "ಅಮ್ಮ ನೆಲದ ಮೇಲಿಂದ ತಾವಾಗಿ ಏಳುತ್ತಾರಾ?" ಅಂತ. ಆಗಲೇ ಇವರೇ ಅಂತ ತೀರ್ಮಾನಿಸಿದೆ. ಆದರೆ ಹೊರಡುವ ಎರಡು ದಿನ ಮೊದಲು ಅವರಿಂದಲೇ ಕರೆ. ಮಗುವಿಗೆ ಜ್ವರ, ಬರಲು ಆಗಲ್ಲ. ನನ್ನ ಎದೆ ಧಸಕ್ ಅಂತು. ಅವರು ತಮ್ಮ ಬದಲು ಬರುವವರನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ವಿಡಿಯೋದಲ್ಲಿ ತೋರಿಸಿ, ಅತ್ತೆಯ ಮಾತ್ರೆ, ತೆರಾಸಿ ಬೇಡ ಅನ್ನೋದು, ಮಗಳ ಲೈಫ್ ಜಾಕೆಟ್, ಎಲ್ಲ ನಮ್ಮ ಎದುರಿಗೇ ಹೇಳಿಕೊಟ್ಟರು. "ನಿಮಗೆ ಒಪ್ಪಿಗೆಯಾದರೆ ಮಾತ್ರ" ಅಂದರು. ಕಳೆದ ಸಲವೂ ಗೈಡ್ ಬದಲಾಗಿದ್ದರು, ಈ ಸಲವೂ ಬದಲಾದರು. ಎಷ್ಟು ವ್ಯತ್ಯಾಸ ನೋಡಿ.

ಎರಡನೇ ದಿನ ಕ್ಯಾಂಪ್ ಲೀಕಿಯಲ್ಲಿ ಒಂದು ಗಂಟೆ ಕಾದರೂ ಯಾವ ಒರಾಂಗುಟಾನೂ ಬರಲಿಲ್ಲ. ಜನ ಎದ್ದು ಹೋಗತೊಡಗಿದರು. ಮಗಳ ಮುಖ ಬಾಡಿತ್ತು. ಗೈಡ್ "ಕಾಡಲ್ಲಿ ಹಣ್ಣು ಸಿಕ್ಕಿದೆ ಅಂತ ಕಾಣುತ್ತೆ" ಅಂದರು. ನಾನು ಹಕ್ಕಿನೋಟ ಅವರು ಬರೆದಿದ್ದನ್ನು ಮಗಳಿಗೆ ಹೇಳಿದೆ. ಅವಳು "ಹಾಗಾದರೆ ಹೊಟ್ಟೆ ತುಂಬಿದೆ ಅಲ್ವಾ, ಪರವಾಗಿಲ್ಲ" ಅಂದಳು. ವಾಪಸ್ ಬರುವ ದಾರಿಯಲ್ಲಿ ಗೈಡ್ ತಟ್ಟನೆ ನಿಂತು, ಮಾತಾಡದೆ ಅತ್ತೆಯನ್ನು ಪಕ್ಕಕ್ಕೆ ಸರಿಸಿದರು. ನಮ್ಮ ಹಿಂದಿನಿಂದ ಒಂದು ತಾಯಿ ಅದೇ ಕಾಲುದಾರಿಯಲ್ಲಿ ನಡೆದು ಬರುತ್ತಿತ್ತು. ಹೊಟ್ಟೆಗೆ ಅಂಟಿಕೊಂಡ ಮರಿ. ನಾವು ಹಿಂದೆ ಹಿಂದೆ ಸರಿದು ದಾರಿ ಬಿಟ್ಟೆವು. ಅದು ನಮ್ಮ ಕಡೆ ಒಂದು ಸಲ ನೋಡಿ ಹೋಯಿತು. ಫೋಟೋ ಇಲ್ಲ. ಯಾರ ಕೈಯೂ ಜೇಬಿಗೆ ಹೋಗಲಿಲ್ಲ.

ಆ ರಾತ್ರಿ ದೋಣಿಯನ್ನು ನಿಪಾ ತಾಳೆಗಳ ಪಕ್ಕ ಕಟ್ಟಿದರು. ದೀಪ ಆರಿಸಿದ ಮೇಲೆ ಎದುರಿನ ಮರದ ತುಂಬಾ ಮಿಂಚುಹುಳ. ನನಗೆ ಎಚ್ಚರವಾದಾಗ ಅತ್ತೆ ಹಾಸಿಗೆಯಲ್ಲಿ ಇರಲಿಲ್ಲ. ಗಾಬರಿಯಿಂದ ಎದ್ದು ನೋಡಿದರೆ ಮುಂದುಗಡೆ ಕುರ್ಚಿಯಲ್ಲಿ ಕೂತಿದ್ದರು. ಗೈಡ್ ಕೆಳಗೆ ಚಾಪೆಯ ಮೇಲೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಅತ್ತೆ ಮರ ತೋರಿಸಿ ಕನ್ನಡದಲ್ಲಿ ಏನೋ ಕೇಳುತ್ತಿದ್ದರು, ಅವರು ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು. ನಾನು ಮತ್ತೆ ಹೋಗಿ ಮಲಗಿದೆ. ಎರಡು ವರ್ಷದ ಹಿಂದಿನ ಆ ರಾತ್ರಿ ನೆನಪಾಯಿತು. ನಿದ್ದೆ ಚೆನ್ನಾಗಿ ಬಂತು.

ಪುಟ್ಟಿಯಮ್ಮ

ಓದಿ ತುಂಬಾ ಸಂತೋಷವಾಯಿತು. ಕುರ್ಚಿ ಕೇಳಿದ್ದು ಕೆಲಸಕ್ಕೆ ಬಂತಲ್ಲ!

ಸಂಧ್ಯಾತೀರ

ಬಂತು ಪುಟ್ಟಿಯಮ್ಮ. ಅತ್ತೆ ಈಗ ಮನೆಯಲ್ಲಿ ಯಾರು ಮೆಟ್ಟಿಲು ಇಳಿದರೂ "ಪೆಲಾನ್ ಪೆಲಾನ್" ಅನ್ನುತ್ತಾರೆ.

ಒಂಟಿಪಯಣ

ಮುಂದಿನ ಜೂನ್‌ನಲ್ಲಿ ನಾನು ಮತ್ತೆ ಹೋಗುತ್ತಿದ್ದೇನೆ. ಈ ಸಲ ಗೈಡ್ ಜೊತೆ ಮೊದಲೇ ಮಾತಾಡಿಕೊಂಡು. ಸಂಧ್ಯಾ ಅವರೇ, ನಿಮ್ಮ ಗೈಡ್ ಒಪ್ಪಿದರೆ ಅವರ ನಂಬರ್ ನನಗೆ ಖಾಸಗಿಯಾಗಿ ಕಳಿಸುತ್ತೀರಾ? ದೋಣಿ ಬಾಡಿಗೆ ಒಬ್ಬನಿಗೆ ಜಾಸ್ತಿ ಆಗುತ್ತೆ. ಜೊತೆ ಬರುವವರು ಇದ್ದರೆ ಹೇಳಿ, ಹಂಚಿಕೊಳ್ಳೋಣ.

ಹಸಿರೆಲೆ

ನಾನು ಬರುತ್ತೇನೆ. ಎಷ್ಟು ಜನ ಕೂರುತ್ತಾರೆ ಅಂತ ಕಣ್ಣಾರೆ ನೋಡಬೇಕು.